ಎಂಜಿನ್ ಹಿಂದೆ, ಹೆಂಡತಿಯೂ ಹಿಂದೆ

ಗಂಡ ಹೆಂಡತಿ ಪಕ್ಕಪಕ್ಕ ಕೂತು ಪ್ರಯಾಣ ಮಾಡುವುದು ನಮ್ಮ ಕಡೆ ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಬಸ್ಸು ಹತ್ತಿದರೆ ಅವಳು ಮುಂದಿನ ಹೆಂಗಸರ ಸೀಟಿಗೆ, ನಾನು ಹಿಂದಕ್ಕೆ. ಮದುವೆಗೆ ಹೊರಟ ಟೆಂಪೋದಲ್ಲಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಡ್ರೈವರಿನ ಪಕ್ಕ ಅಥವಾ ಏಣಿ ಹಿಡಿದು ಹೊರಗೆ. ಸ್ಕೂಟರಿನಲ್ಲಿ ಅವಳು ನನ್ನ ಬೆನ್ನಿಗೆ ಹೇಳಿದ ಮಾತು ಗಾಳಿಗೆ ಹಾರಿ, ಹಿಂದೆ ಬರುತ್ತಿದ್ದ ಹಾಲಿನ ಬೈಕಿನವನಿಗೆ ಕೇಳುತ್ತಿತ್ತು. ಅವನು ನಮ್ಮನ್ನು ದಾಟಿ ಹೋಗುವಾಗ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ಗಾಜಿನ ಮೂಲಕ ಒಂದೇ ರಸ್ತೆಯನ್ನು ಒಂದೇ ಹೊತ್ತಿಗೆ ನೋಡಿದ ನೆನಪು ನನಗಿಲ್ಲ. ನನಗಿಲ್ಲ ಎಂದಷ್ಟೇ ಹೇಳಬಲ್ಲೆ. ನನ್ನ ನೆನಪಿನ ಮೇಲೆ ನನಗೆ ಅಂಥ ವಿಶ್ವಾಸವೇನೂ ಇಲ್ಲ. ಅದು ಗ್ಯಾರೇಜಿನಿಂದ ವಾಪಸು ಬಂದ ಗಾಡಿಯ ಹಾಗೆ: ಎಲ್ಲ ಜೋಡಿಸಿ ಮುಗಿಸಿದ ಮೇಲೂ ಎಲ್ಲಿಯದೆಂದು ತಿಳಿಯದ ಎರಡು ನಟ್ಟು ಕೈಯಲ್ಲಿ ಉಳಿದಿರುತ್ತವೆ.

ನಿವೃತ್ತಿಯಾದ ಮೇಲೆ ನಾನೊಂದು ಬಸ್ಸು ಕೊಂಡೆ. ಹೀಗೆಂದ ಕೂಡಲೇ ನಮ್ಮ ಜಂಗಮಕೋಟೆಯವರು ಕೇಳುವ ಮೊದಲ ಪ್ರಶ್ನೆ, "ಯಾವ ರೂಟು ಮೇಷ್ಟ್ರೇ?" ಎರಡನೆಯದು, "ಡ್ರೈವರ್ ಸಿಕ್ಕಿದ್ನಾ?" ಡ್ರೈವರ್ ನಾನೇ, ರೂಟು ಇನ್ನೂ ಗೊತ್ತಿಲ್ಲ, ಅದು ಈಗ ಬಸ್ಸಲ್ಲ, ಓಡಾಡುವ ಮನೆ, ಒಳಗೆ ಒಲೆ, ಮಂಚ, ನೀರಿನ ತೊಟ್ಟಿ ಎಲ್ಲ ಇದೆ ಎಂದರೆ, ಅವರು ನನ್ನನ್ನು ಬಿಟ್ಟು ರತ್ನಳ ಮುಖ ನೋಡುತ್ತಾರೆ. ರತ್ನ ನನ್ನ ಹೆಂಡತಿ. ಚಿಂತಾಮಣಿ ಆಚೆಗಿನ, ಮನೆಮಾತು ತೆಲುಗಾದ ಊರಿನವಳು. ಕನ್ನಡದಲ್ಲಿ ಸಂಸಾರ ಮಾಡಿ ತೆಲುಗಿನಲ್ಲಿ ಕೋಪಿಸಿಕೊಳ್ಳುತ್ತಾಳೆ. ಬಸ್ಸು ತೋರಿಸಿದ ದಳ್ಳಾಳಿಯೂ ಚಿಂತಾಮಣಿಯವನೇ. ಉತ್ತರದ ಚಳಿಯ ಬೆಟ್ಟಗಳಲ್ಲಿ ಟೂರಿಸ್ಟರನ್ನು ಹೊತ್ತು ಸವೆದು, ಹೇಗೋ ನಮ್ಮ ಕಡೆಗೆ ಇಳಿದು ಬಂದ ಬಸ್ಸು ಅದು. ಎಂಜಿನ್ ಹಿಂದೆ. "ಎಂಜಿನ್ ಹಿಂದಿದ್ರೆ ಡ್ರೈವರ್‌ಗೆ ಶಬ್ದ ಇರಲ್ಲ ಸಾರ್, ಕಾಲಿಗೆ ಕಾವು ಬಡಿಯಲ್ಲ, ದೇವಸ್ಥಾನ ಇದ್ದಂಗಿರುತ್ತೆ" ಎಂದ. ಕಾವು ಬಡಿಯುವುದಿಲ್ಲ ಎಂಬುದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ್ದ. ನಾನೂ ಹೊಗಳಿಕೆಯಾಗಿಯೇ ತೆಗೆದುಕೊಂಡೆ. ಅದು ಏಪ್ರಿಲ್ ತಿಂಗಳು.

ಬಸ್ಸಿನ ಯೋಚನೆ ನನ್ನದು. ಅದು ಹೋಗಬೇಕಾದ ಜಾಗ ರತ್ನಳದು. ಅವಳಿಗೆ ಹಿಮ ನೋಡಬೇಕಿತ್ತು. ನಮ್ಮ ರೇಷ್ಮೆ ಹುಳು ಮನೆಯ ಗೋಡೆಯ ಮೇಲೆ ಯಾವುದೋ ಕಾಲದ ಕ್ಯಾಲೆಂಡರೊಂದು ನೇತಾಡುತ್ತಿತ್ತು. ತಿಂಗಳ ಹಾಳೆಗಳೆಲ್ಲ ಹರಿದು ಹೋಗಿ ಚಿತ್ರ ಮಾತ್ರ ಉಳಿದಿತ್ತು: ಬಿಳಿ ಬೆಟ್ಟ, ಕೆಳಗೊಂದು ಮರದ ಮನೆ, ಅದರ ಹೊಗೆಗೂಡಿನಿಂದ ಒಂದು ಎಳೆ ಹೊಗೆ. ಚಳಿಗಾಲದಲ್ಲಿ ಹುಳುಗಳಿಗೆ ಬೆಚ್ಚಗಿರಲೆಂದು ಇದ್ದಿಲ ಒಲೆ ಹೊತ್ತಿಸಿ, ಕಿಟಕಿ ಬಾಗಿಲು ಮುಚ್ಚಿ, ಬೆವರು ಒರೆಸಿಕೊಳ್ಳುತ್ತ ಸೊಪ್ಪು ಹಾಕುವಾಗ ರತ್ನ ಆ ಬೆಟ್ಟವನ್ನು ನೋಡುತ್ತಿದ್ದಳಂತೆ. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ ಅಷ್ಟೂ ವರ್ಷ ಅವಳು, ಅವಳ ತಮ್ಮ ನಾಣಿ ಸೇರಿ ಹುಳು ಮೇಯಿಸಿದರು. ಮಂಡಿ ನೋವು ಬಂದ ಮೇಲೆ ಹುಳು ಮನೆಯನ್ನು ನಾಣಿಗೇ ಬಿಟ್ಟಳು. ಬಿಟ್ಟ ದಿನ ಅಲ್ಲಿಂದ ಅವಳು ಮನೆಗೆ ತಂದದ್ದು ಆ ಕ್ಯಾಲೆಂಡರೊಂದನ್ನೇ. "ಚಳಿಗಾಲದಲ್ಲೇ ಹೋಗ್ಬೇಕು, ಬೇಸಿಗೇಲಿ ಹೋಗಿ ಕರಗಿರೋದ್ ನೋಡ್ಕೊಂಡು ಬರೋಕೆ ನಾನು ಬರಲ್ಲ" ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಮುಂದೆ ಕೂತ್ಕೋತೀನಿ. ನಿಮ್ ಪಕ್ಕ. ಎಲ್ಲಾ ಕಾಣೋ ಹಂಗೆ." ನಾನು ಈ ಎರಡನೆಯ ಮಾತಿಗೆ ಬಸ್ಸು ಕೊಂಡದ್ದು. ಇದನ್ನು ಅವಳಿಗೆ ಹೇಳಿಲ್ಲ.

ಬಸ್ಸನ್ನು ಮನೆ ಮಾಡುವ ಕೆಲಸವನ್ನು ನಾಣಿ ವಹಿಸಿಕೊಂಡ. ನಾಣಿಗೆ ಗೊತ್ತಿರುವುದು ಒಂದೇ ಬಗೆಯ ಕಟ್ಟಡ, ಹುಳು ಮನೆ. ಆದ್ದರಿಂದ ಬಸ್ಸಿನ ಒಳಗೆ ಹೊಕ್ಕವರಿಗೆ ತಾವು ಹುಳುಗಳೇನೋ ಎಂಬ ಭಾವ ಬರುತ್ತದೆ. ಮಂಚ ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನಂತಿದೆ. ಗೋಡೆಗೆ ಹೊಡೆದ ಬಣ್ಣ ಸುಣ್ಣದ ಬಿಳುಪು. ಎಲ್ಲಕ್ಕಿಂತ ಮುಖ್ಯವಾದದ್ದು ಬಲೆ. ಹುಳು ಸಾಕದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಜಿ ಎಂಬ ನೊಣವೊಂದಿದೆ. ಅದು ಒಳಗೆ ನುಗ್ಗಿ ಹುಳುವಿನ ಮೈಮೇಲೆ ಒಂದು ಮೊಟ್ಟೆ ಇಟ್ಟರೆ ಆ ಹುಳು ಗೂಡು ಕಟ್ಟುವ ಆಸೆ ಬಿಡಬೇಕು. ಹಾಗಾಗಿ ನಮ್ಮ ಕಡೆ ಹುಳು ಮನೆಯ ಪ್ರತಿ ಕಿಟಕಿಗೆ, ಪ್ರತಿ ಕಿಂಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿಯುತ್ತಾರೆ. ಎಲ್ಲೇ ತೂತು ಕಂಡರೂ ಕೈ ತಾನಾಗಿ ಬಲೆ ಹುಡುಕುತ್ತದೆ. ಇನ್ನೊಂದು ನಿಯಮ, ಚಪ್ಪಲಿ ಒಳಗೆ ಬರಕೂಡದು. ಹೊರಗಿನ ರೋಗ ಹುಳುವಿಗೆ ತಗಲುತ್ತದೆ. ರತ್ನ ಆ ನಿಯಮವನ್ನು ಬಸ್ಸಿಗೂ ತಂದಳು. ಮುಂದಿನ ಬಾಗಿಲಿನ ಮೆಟ್ಟಿಲು ಹತ್ತಿದ ಕೂಡಲೇ, ಎಡಗಡೆ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಅಡಿಗೆ ನಾಣಿ ಒಂದು ಚಪ್ಪಲಿ ಗೂಡು ಕೂರಿಸಿದ. ಡ್ರೈವರನಾದ ನಾನೂ ಬರಿಗಾಲು. ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ ದೇವರ ಮುಂದೆ ನಿಂತಷ್ಟು ಭಕ್ತಿ ಬರುತ್ತಿತ್ತು.

ಮಳೆಗಾಲ ಕಳೆದು ಚಳಿ ಬಿತ್ತು. ದೊಡ್ಡ ಪ್ರಯಾಣಕ್ಕೆ ಮುಂಚೆ ಸುತ್ತಮುತ್ತ ಓಡಿಸಿ ಕೈ ಪಳಗಿಸಿಕೊಳ್ಳೋಣವೆಂದು ಒಂದು ಮುಂಜಾನೆ ಚಿಕ್ಕಬಳ್ಳಾಪುರದ ಕಡೆಗೆ ಹೊರಟೆವು. ನಮ್ಮ ಚಳಿ ಹಿಮಾಲಯದವರಿಗೆ ನಗು ತರಿಸುವ ಚಳಿ ಎಂದು ಗೊತ್ತು. ಆದರೆ ಬೆಟ್ಟಗಳ ಕಡೆಯಿಂದ ಮಂಜು ಇಳಿದು ದ್ರಾಕ್ಷಿ ತೋಟಗಳ ಮೇಲೆ ಹಾಸಿಕೊಂಡಿರುವಾಗ, ಆಳೆತ್ತರದ ಮುಂಗಾಜಿನ ಹಿಂದೆ ಬರಿಗಾಲಲ್ಲಿ ಕೂತವರಿಗೆ ಅಷ್ಟೇ ಸಾಕು. ನಾನು ಡ್ಯಾಶ್‌ಬೋರ್ಡಿನ ಮೇಲಿನ ಹೀಟರಿನ ಗುಂಡಿಯನ್ನು ಹೆಮ್ಮೆಯಿಂದ ತಿರುಗಿಸಿದೆ. ಚಳಿ ನಾಡಿನ ಬಸ್ಸಲ್ಲವೇ, ಹೀಟರ್ ಇತ್ತು. ಗುರ್ರೆಂದು ಸದ್ದು ಬಂತು. ಸದ್ದಿನ ಹಿಂದೆ ಗಾಳಿ ಬರುತ್ತದೆಂದು ಇಬ್ಬರೂ ಕೈ ಚಾಚಿ ಕಾದೆವು. ಬಂದದ್ದು, ದೊಡ್ಡವರು ಮಗುವಿನ ಕಣ್ಣಿಗೆ ಕಸ ಬಿದ್ದಾಗ ಊದುತ್ತಾರಲ್ಲ, ಅಷ್ಟು ಉಸಿರು. ಅದಕ್ಕೂ ಎಂಥದೋ ವಾಸನೆ. "ಚಪ್ಪಲಿ ವಾಸ್ನೆ ಬರ್ತಿದೆ ಕಣ್ರಿ" ಎಂದಳು ರತ್ನ. "ಹೊಸ ಬೆಲ್ಟು ಇರ್ಬೇಕು" ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿರುವ ದನಿಯಲ್ಲಿ ಹೇಳುವುದು ಮೂರು ದಶಕದ ಮೇಷ್ಟ್ರುಗಿರಿಯಿಂದ ಬಂದ ಅಭ್ಯಾಸ.

ನಂದಿ ಕ್ರಾಸು ಬರುವ ಹೊತ್ತಿಗೆ ರತ್ನಳ ಪಾದ ಹೆಪ್ಪುಗಟ್ಟಿದವು. ವರ್ಷಗಟ್ಟಲೆ ತೊಳೆದ ಒದ್ದೆ ನೆಲದ ಮೇಲೆ ನಿಂತ ಪಾದಗಳು, ಚಳಿಯನ್ನು ಬೇಗ ಗುರುತು ಹಿಡಿಯುತ್ತವೆ. ಎರಡು ಕಾಲುಚೀಲ, ಮೇಲೆ ಶಾಲು ಸುತ್ತಿದರೂ ಮಂಡಿ ಹಿಡಿದುಕೊಂಡಿತು. ನೀರು ಕುಡಿಯಲೆಂದು ಎದ್ದು ಹಿಂದಕ್ಕೆ ಹೋದವಳು ಬರಲಿಲ್ಲ. ಗಾಡಿ ನಿಲ್ಲಿಸಿ ಹೋಗಿ ನೋಡಿದರೆ, ಎಂಜಿನ್ನಿನ ಮೇಲೆ ಕೂರಿಸಿದ್ದ ಮಂಚದಲ್ಲಿ ಕಂಬಳಿ ಹೊದ್ದು, ಗಲ್ಲ ಕೆಂಪಾಗಿ ಕೂತಿದ್ದಳು. ಹಾಸಿಗೆ ಬಾಣಂತಿ ಕೋಣೆಯಷ್ಟು ಬೆಚ್ಚಗಿತ್ತು. ಎಂಜಿನ್ನಿನ ಅಷ್ಟೂ ಕಾವು ಅಲ್ಲೇ. ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಬಿಸಿ ಇರುವುದು ಹಿಂದಿನ ಅಡುಗೆಮನೆಯಲ್ಲಿ, ಹೆಂಗಸರು ಅಲ್ಲಿ. ಗಂಡಸರು ಮುಂದಿನ ಪಡಸಾಲೆಯಲ್ಲಿ ತಣ್ಣಗೆ ಕೂತು ಕಾಫಿ ಇನ್ನೂ ಬಂದಿಲ್ಲವೆಂದು ಕೆಮ್ಮುತ್ತಿರುತ್ತೇವೆ. ಇಷ್ಟು ದೂರದ ಬೆಟ್ಟದಿಂದ ಬಸ್ಸು ತರಿಸಿ, ನಾಣಿಯ ಕೈಯಲ್ಲಿ ಕಟ್ಟಿಸಿ, ನಾನು ಪುನಃ ಅದೇ ಮನೆಯನ್ನು ಕಟ್ಟಿಕೊಂಡಿದ್ದೆ, ಈ ಸಲ ಚಕ್ರದ ಮೇಲೆ. "ನೀವ್ ಓಡ್ಸಿ, ನಾನ್ ಇಲ್ಲೇ ಇರ್ತೀನಿ. ಕಿಟಕೀಲಿ ಕಾಣುತ್ತೆ" ಎಂದಳು. ಆ ಕಿಟಕಿಯಲ್ಲಿ ಕಾಣುವುದು ಹಿಂದೆ ಉಳಿದ ಊರು ಮಾತ್ರ.

ನಮ್ಮ ಫೋನಿನ ಸಂಸಾರ ಶುರುವಾದದ್ದು ಆವತ್ತೇ, ಅಥವಾ ಅದರ ಮುಂದಿನ ವಾರ. ಮುಂದಿನಿಂದ ಕೂಗಿದರೆ ಹಿಂದಕ್ಕೆ ಕೇಳುವುದಿಲ್ಲ. ಎಂಜಿನ್ನಿನ ಶಬ್ದವೂ ಕಾವಿನ ಜೊತೆಗೇ ಹಿಂದೆ. ನನ್ನ ಫೋನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿಕೊಂಡು ತಾನೇ ಕರೆ ತೆಗೆಯುವಂತೆ ಇಟ್ಟಿದ್ದೆ. ಗೌರಿಬಿದನೂರಿನ ದಾರಿಯಲ್ಲಿ ಅದು ರಿಂಗಾಯಿತು.

"ಹಲೋ, ಎಲ್ಲಿದ್ದೀರ?"

"ಬಸ್ಸಲ್ಲೇ ಇದ್ದೀನಿ ಕಣೇ. ನಾನೇ ಓಡಿಸ್ತಿರೋದು."

"ಅದ್ ಗೊತ್ತು. ಯಾವೂರಲ್ಲಿದ್ದೀರ ಅಂದೆ."

"ನೀನು ಇರೋ ಊರಲ್ಲೇ. ಮೂವತ್ತಡಿ ಮುಂದೆ."

"ಸರಿ, ನಿಧಾನಕ್ಕೆ ಬನ್ನಿ" ಎಂದಳು, ಮನೆಯಲ್ಲಿ ಕೂತು ಹೇಳುವ ಹಾಗೆಯೇ.

ಆಮೇಲೆ ಅಭ್ಯಾಸವಾಯಿತು. ಫೋನಿನಲ್ಲಿ ರತ್ನ ಬೇರೆ ಹೆಂಗಸಾಗಿದ್ದಳು. ಹುಳು ಮೇದು ಬಲಿತು ಹಣ್ಣಾದ ಮೇಲೆ ಒಮ್ಮೆ ದಾರ ಬಿಡಲು ಶುರುಮಾಡಿದರೆ ಗೂಡು ಮುಗಿಯುವ ತನಕ ನಿಲ್ಲಿಸುವುದಿಲ್ಲ, ಹಾಗೆ ಮಾತಾಡುತ್ತಿದ್ದಳು. ತನ್ನ ಊರಿನ ಹುಣಿಸೆ ಮರ, ಮದುವೆಗೆ ಮುಂಚೆ ನನ್ನ ಫೋಟೋ ನೋಡಿ "ಈ ಮನಿಷಿಕಿ ನಿದ್ರ ಎಕ್ಕುವ", ಈ ಮನುಷ್ಯನಿಗೆ ನಿದ್ದೆ ಜಾಸ್ತಿ ಎಂದು ಅವಳ ಅಜ್ಜಿ ಹೇಳಿದ್ದು, ಒಂದು ಬೆಳೆ ಪೂರ್ತಿ ಊಜಿಗೆ ಹೋದಾಗ ನನಗೆ ಗೊತ್ತಾಗದ ಹಾಗೆ ಅತ್ತದ್ದು, ಎಲ್ಲ ಹೇಳಿದಳು. ನಾನೂ ಸುಮ್ಮನಿರಲಿಲ್ಲ. ಮುಖ ಕಾಣದ ಧೈರ್ಯದಲ್ಲಿ, ಅವಳು ಕಟ್ಟಿಕೊಡುತ್ತಿದ್ದ ಅವರೆಕಾಳಿನ ಉಪ್ಪಿಟ್ಟಿನ ಡಬ್ಬಿಯನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಕೊಡದೆ ಲ್ಯಾಬಿಗೆ ಒಯ್ದು ತಿನ್ನುತ್ತಿದ್ದೆನೆಂದು ಹೇಳಿದೆ. "ಹೇಳ್ಬಾರ್ದಾಗಿತ್ತಾ ಆವಾಗ್ಲೇ" ಎಂದಳು. ನಾವು ಅಷ್ಟೊಂದು ಮಾತಾಡಿದೆವೋ, ಅಥವಾ ಈಗ ನೆನೆಯುವಾಗ ಹಾಗೆ ಹಿಗ್ಗಿದೆಯೋ, ಹೇಳಲಾರೆ.

ಆದರೂ ಪಕ್ಕದ ಸೀಟು ಖಾಲಿ. ರಸ್ತೆಯಲ್ಲಿ ನವಿಲು ಅಡ್ಡ ಬಂದರೆ, "ನೋಡೇ" ಎಂದು ಎಡಕ್ಕೆ ತಿರುಗುತ್ತಿದ್ದೆ. ಅಲ್ಲಿ ಅವಳ ಶಾಲು ಮಾತ್ರ ಸೀಟು ಬೆಲ್ಟು ಹಾಕಿಕೊಂಡು ಕೂತಿರುತ್ತಿತ್ತು. ಫೋನಿನಲ್ಲಿ ಹೇಳುವಷ್ಟರಲ್ಲಿ ನವಿಲು ಹೋಗಿರುತ್ತಿತ್ತು. ನಮ್ಮ ಡಿಸೆಂಬರಿಗೇ ಹೀಗಾದರೆ ಹಿಮದ ಊರಿನಲ್ಲಿ ಇವಳು ಮುಂದಕ್ಕೆ ಬರುವುದುಂಟೇ? ದೇಶದ ಉದ್ದಕ್ಕೂ ಇವಳು ಹಿಂದೆ, ನಾನು ಮುಂದೆ. ಬಿಳಿ ಬೆಟ್ಟ ನನ್ನ ಗಾಜಿನಲ್ಲಿ ಬರುತ್ತದೆ, ಅವಳ ಕಿಟಕಿಯಲ್ಲಿ ಹೋಗುತ್ತದೆ. ಮೂವತ್ತು ವರ್ಷ ಕ್ಯಾಲೆಂಡರಿನಲ್ಲಿ ನೋಡಿದ್ದನ್ನು ಅವಳು ಬೆನ್ನಿನ ಕಡೆಯಿಂದ ನೋಡುವುದೆಂದರೆ ನನಗೆ ಸಹಿಸಲಾಗಲಿಲ್ಲ. ಆ ಹೀಟರ್ ಸರಿಯಾಗಬೇಕು, ಅಷ್ಟೇ.

ಉಷ್ಣದ ಪಾಠವನ್ನು ನಾನು ಎಷ್ಟು ತಂಡಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಉಷ್ಣ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದವನು. ನನ್ನ ಬಸ್ಸಿನಲ್ಲಿ ಆ ಬಾಣ ಮಧ್ಯದಲ್ಲೆಲ್ಲೋ ಇಳಿದುಕೊಳ್ಳುತ್ತಿತ್ತು. ಶಿಡ್ಲಘಟ್ಟದ ನಯಾಜ್ ಭಾಯ್ ಗ್ಯಾರೇಜಿಗೆ ಒಯ್ದೆ. ನಯಾಜ್ ನಿಧಾನದ ಮನುಷ್ಯ. ರೋಗಿಯ ನಾಡಿ ಹಿಡಿದಂತೆ ಪೈಪು ಹಿಡಿದು ಕಣ್ಣು ಮುಚ್ಚುತ್ತಾನೆ. ರತ್ನ ಅವನಿಗೂ ಚಪ್ಪಲಿ ಬಿಡಿಸಿದಳು. "ಭಾಬಿ, ಮಸೀದೀಲಿ ಬಿಟ್ಟೆ, ಮನೇಲಿ ಬಿಟ್ಟೆ, ಗಾಡಿ ಕೆಳಗೆ ಮಲಗೋಕೂ ಬಿಡ್ಬೇಕಾ?" ಎನ್ನುತ್ತ ಬಿಟ್ಟು, ಚಪ್ಪಲಿ ಗೂಡಿನಲ್ಲಿ ಒಪ್ಪವಾಗಿ ಜೋಡಿಸಿಟ್ಟ. ಅವನು ಹೇಳಿದ್ದು ಸರಳವಾಗಿತ್ತು. ಎಂಜಿನ್ನಿನ ಬಿಸಿ ನೀರು ಪೈಪಿನಲ್ಲಿ ಬಸ್ಸಿನ ಹೊಟ್ಟೆಯಡಿ ಮುಂದಿನ ತನಕ ನಡೆದು ಬರಬೇಕು, ದಾರಿಯಲ್ಲಿ ತಣ್ಣಗಾಗುತ್ತದೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ನಡೆದೂ ಬರುವುದಿಲ್ಲ. ಅವನು ಮುಂದಿನ ತುದಿಯ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟ. ಬಸ್ಸು ಊಟವಾದ ಯಜಮಾನನ ಹಾಗೆ ದೀರ್ಘವಾಗಿ ತೇಗಿತು. ಹೀಟರಿನ ಉಸಿರು ಸ್ವಲ್ಪ ಬಿಸಿಯಾಯಿತು, ಆದರೆ ಉಸಿರು ಅಷ್ಟೇ ಉಳಿಯಿತು.

ಪೈಪಿಗೆ ಹೊದಿಕೆ ಸುತ್ತಬೇಕು ಎಂದೂ ನಯಾಜ್ ಹೇಳಿದ್ದ. ಅದಕ್ಕೆಂದೇ ಸ್ಪಂಜಿನ ಕೊಳವೆ ಬರುತ್ತದಂತೆ, ತರಿಸಿಕೊಡುತ್ತೇನೆಂದ. ಕಾಯುವ ತಾಳ್ಮೆ ನನಗಿರಲಿಲ್ಲ. ನಾಣಿಯೂ ನಾನೂ ಸೇರಿ ಗೋಣಿಚೀಲ ಹರಿದು ಪೈಪಿನ ಉದ್ದಕ್ಕೂ ಬಿಗಿಯಾಗಿ ಸುತ್ತಿದೆವು. ಮಾರನೆಯ ದಿನ ರತ್ನಳನ್ನು ಗೆದ್ದವನ ಹಾಗೆ ಮುಂದೆ ಕೂರಿಸಿಕೊಂಡು ತೊಂಡೇಬಾವಿ ಕಡೆಗೆ ಹೊರಟೆ. ಅಲ್ಲಿ ರೈಲ್ವೆ ಹಳಿಯ ಕೆಳಗೆ ಹಾದುಹೋಗುವ ದಾರಿಯಲ್ಲಿ ಯಾವತ್ತೂ ಮೊಣಕಾಲು ಮಟ್ಟ ನೀರು. ಬಸ್ಸು ಎಮ್ಮೆಯ ಹಾಗೆ ಇಳಿದು ಎದ್ದಿತು. ಎದ್ದ ಮೇಲೆ ಹೀಟರಿನಿಂದ ಬಂದದ್ದು ತಂಪು ಗಾಳಿ. ಬೆಚ್ಚಗೂ ಅಲ್ಲ, ಬರೀ ಗಾಳಿಯೂ ಅಲ್ಲ, ತಂಪು. ರತ್ನ ಒಂದು ಕ್ಷಣ ಯೋಚಿಸಿ ನಕ್ಕಳು. ಬೇಸಿಗೆಯಲ್ಲಿ ಹುಳುಗಳಿಗೆ ಸೆಕೆಯಾಗದಿರಲೆಂದು ನಾವು ಕಿಟಕಿಗೆ ಕಟ್ಟುವುದು ಏನು? ಒದ್ದೆ ಗೋಣಿ. "ಒದ್ದೆ ಗೋಣಿ ಸುತ್ತಿ ಬೆಚ್ಚಗಾಗ್ಲಿ ಅಂತ ಕೂತಿದ್ದೀರಲ್ಲ, ಪಾಠ ಹೇಳ್ದೋರು" ಎಂದು ಶಾಲು ಹೊದ್ದು ಎದ್ದಳು. ತುಸು ಹೊತ್ತಿಗೆ ಫೋನು ಬಂತು. "ಬೇಜಾರ್ ಮಾಡ್ಕೊಂಡ್ರಾ?" ಇಲ್ಲವೆಂದೆ. "ಗೋಣಿ ಸುತ್ತಿದ್ದು ನೀಟಾಗಿತ್ತು" ಎಂದಳು. ಎದುರಿಗೆ ಅವಳು ನನ್ನನ್ನು ಹೊಗಳಿದ್ದು ನನಗೆ ನೆನಪಿಲ್ಲ.

ಆಮೇಲೆ ಸ್ಪಂಜಿನ ಕೊಳವೆ ಬಂತು. ನೀರು ಚುರುಕಾಗಿ ಓಡಲೆಂದು ನಯಾಜ್ ದಾರಿಯಲ್ಲೊಂದು ಪುಟ್ಟ ಪಂಪು ಕೂರಿಸಿದ. ಬಾಗಿಲಿನ ಸಂದಿಗೆ ರಬ್ಬರು ಬಂತು. ಮುಂದಿನ ಎರಡು ಸೀಟಿನ ಹಿಂದೆ, ಇದ್ದ ಬಿಸಿ ಹಿಂದಕ್ಕೆ ಓಡಿಹೋಗದಿರಲೆಂದು, ದಪ್ಪ ಪರದೆ ಬಂತು. ಅದನ್ನು ಎಳೆದರೆ ನಾನು ನಾಟಕದ ರಂಗದ ಮುಂದೆ ಒಬ್ಬನೇ ಕೂತವನಾಗುತ್ತಿದ್ದೆ. ಫ್ಯಾನಿನ ಮೋಟಾರನ್ನೇ ಬದಲಿಸಿದ, ಸದ್ದು ಜಾಸ್ತಿಯಾಯಿತು. ಕೊನೆಗೆ ನಯಾಜ್ ಪೈಪು ಮುಟ್ಟಿ ಕೈ ಹಿಂತೆಗೆದು, "ಮೇಷ್ಟ್ರೇ, ಪೈಪು ಸುಡ್ತಾ ಇದೆ. ಫ್ಯಾನ್ ತಿರುಗ್ತಾ ಇದೆ. ಗಾಳಿ ಮಾತ್ರ ಬರಲ್ಲ ಅಂತಿದೆ. ನಂಗೂ ಅರ್ಥ ಆಗ್ತಿಲ್ಲ ನೋಡಿ" ಎಂದ. ನಾವಿಬ್ಬರೂ ಟೀ ಕುಡಿದೆವು. ಸಂಜೆ ರತ್ನ ಹೇಳಿದಳು: "ಹೋಗಣ ಬಿಡ್ರಿ. ನಾನ್ ಹಿಂದೆನೇ ಬರ್ತೀನಿ. ಬೆಟ್ಟ ಬಂದಾಗ ಫೋನ್ ಮಾಡಿ, ಎದ್ದು ಬಂದು ನೋಡ್ತೀನಿ." ಅವಳು ನನ್ನ ಮೇಲಿನ ಕನಿಕರದಿಂದ ಹಾಗೆ ಹೇಳಿದಳು. ಅದಕ್ಕೇ ಹೆಚ್ಚು ನೋವಾಯಿತು.

ಇಷ್ಟರಲ್ಲಿ ನಾಣಿಯ ಹುಳು ಮನೆಯ ಕಿಟಕಿಯ ಬಲೆಯನ್ನು ಹೆಗ್ಗಣ ಕಡಿಯಿತು. ಹುಳುಗಳಿಗೆ ಮೂರನೇ ಜ್ವರ ಬಿಟ್ಟಿತ್ತು. ಜ್ವರವೆಂದರೆ ಹುಳು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುವುದು. ಅದು ಎದ್ದು ಮೇಯಲು ಶುರುಮಾಡಿದ ಮೇಲೆ ಊಜಿಯ ಭಯ ಜಾಸ್ತಿ. ನಾಣಿ ಅವಸರದಲ್ಲಿ ಬಂದ.

"ಬಾವ, ಬಸ್ಸಿಗೆ ತಂದಿದ್ದ ಬಲೇಲಿ ಮಿಕ್ಕಿದ್ದು ಕೊಡಿ."

"ಮಿಕ್ಕಿಲ್ಲಪ್ಪ. ಎಲ್ಲಾ ಹಾಕಿಬಿಟ್ವಲ್ಲ."

"ಅಷ್ಟು ದೊಡ್ಡ ಸುರುಳಿ ಎಲ್ಲಿಗೆ ಹೋಯ್ತು? ಕಿಟಕಿಗಳಿಗೆ ಹಾಕಿದ್ವಿ, ಮೇಲಿನ ಗಾಳಿ ಕಿಂಡಿಗೆ ಹಾಕಿದ್ವಿ. ಇನ್ನೆಲ್ಲಿಗೆ?"

"ಅಡುಗೆ ಹೊಗೆ ಹೋಗೋ ತೂತಿಗೆ" ಎಂದಳು ರತ್ನ. "ಸಿಂಕಿನ ಕೆಳಗೆ. ಆಮೇಲೆ ಮುಂದೆ, ಆ ಚಪ್ಪಲಿ ಗೂಡು ಇಡೋ ಮುಂಚೆ ದೊಡ್ಡ ಬಾಯಿ ತೆರ್ಕೊಂಡಿತ್ತಲ್ಲ, ಸರಳು ಸರಳು ಇತ್ತಲ್ಲ, ಅದಕ್ಕೆ. ನಾನೇ ಹಾಕ್ದೆ. ಎಷ್ಟು ಬಿಗಿಯಾಗಿ ಕೂತಿತ್ತು ಅಂತೀಯ."

"ನೀನೆಲ್ಲಿ ಹಾಕಿದ್ದು ಅಕ್ಕ? ನಾನಲ್ವ ಅಂಟು ಬಳಿದು ಕೂರ್ಸಿದ್ದು" ಎಂದ ನಾಣಿ.

"ಅಳತೆ ಹಿಡಿದು ಕತ್ತರಿಸಿದವನು ನಾನು" ಎಂದೆ. ನನಗೆ ಕತ್ತರಿ ಹಿಡಿದದ್ದು ಸ್ಪಷ್ಟವಾಗಿ ಕಂಡಿತು, ಹೆಬ್ಬೆರಳಿನ ನೋವು ಸಮೇತ.

ಮೂವರೂ ಆ ಬಲೆಯ ಕೀರ್ತಿಗಾಗಿ ಸ್ವಲ್ಪ ಹೊತ್ತು ಜಗಳವಾಡಿದೆವು. ಆಮೇಲೆ, ಯಾರು ಮೊದಲು ಎಂದು ಹೇಳಲಾರೆ, ಒಬ್ಬರು ಬಸ್ಸಿನ ಕಡೆ ತಿರುಗಿದರು. ನಂತರ ಇನ್ನೊಬ್ಬರು. ಹೀಟರ್ ಗಾಳಿ ಊದಬೇಕಾದರೆ ಎಲ್ಲಿಂದಲೋ ಗಾಳಿ ಎಳೆದುಕೊಳ್ಳಬೇಕಲ್ಲವೇ? ಆ ದೊಡ್ಡ ಬಾಯಿ ಅದರ ಮೂಗು.

ಓಡಿದೆವು. ರತ್ನಳ ಅಪ್ಪಣೆಯಂತೆ ಅಷ್ಟು ಅವಸರದಲ್ಲೂ ಚಪ್ಪಲಿ ಬಿಟ್ಟು ಹತ್ತಿದೆವು; ಗೂಡಿನಲ್ಲಿ ಇಡಲು ಹೋಗಿ, ಗೂಡನ್ನೇ ಕೀಳಬೇಕಲ್ಲ ಎಂದು ಕೈಯಲ್ಲೇ ಹಿಡಿದು ನಿಂತೆವು. ನಾಣಿ ಗೂಡು ಕಿತ್ತ. ಹಿಂದೆ ಬಲೆ ಇತ್ತು ಎನ್ನಲಾಗದು. ಕಂಬಳಿಯ ನವಿರು, ಚಪ್ಪಲಿಯ ಕೆಮ್ಮಣ್ಣು, ಒಣಗಿದ ಹಿಪ್ಪುನೇರಳೆ ಎಲೆಯ ಪುಡಿ ಎಲ್ಲ ಕೂಡಿ ಅಲ್ಲೊಂದು ಜಮಖಾನ ನೇಯ್ದುಕೊಂಡಿತ್ತು. ಅದರಾಚೆಗೆ ಹೊಸ ಫ್ಯಾನು ಉಸಿರುಕಟ್ಟಿ ಕೂತಿತ್ತು. ಇಷ್ಟು ದಿನ ನಾವು ಊರಿನವರೆಲ್ಲರ ಚಪ್ಪಲಿಯ ಮೂಲಕ ಗಾಳಿ ಎಳೆದು, ಅದನ್ನು ಬಿಸಿ ಮಾಡಿಕೊಂಡು ಮುಖಕ್ಕೆ ಹಿಡಿಯುತ್ತಿದ್ದೆವು. ರತ್ನ ಒಂದು ಮೂಲೆ ಹಿಡಿದು ಎಳೆದಳು. ಜಮಖಾನ ಇಡಿಯಾಗಿ ಬಂತು.

"ಅಲ್ಲ ಕಣೋ ನಾಣಿ, ಬಸ್ಸಲ್ಲಿ ಹುಳ ಎಲ್ಲಿದೆ? ಊಜಿ ಬಂದು ಯಾರ ಮೇಲೆ ಮೊಟ್ಟೆ ಇಡ್ಬೇಕು, ನನ್ ಮೇಲಾ?" ಎಂದೆ.

"ನಂಗೇನ್ ಕೇಳ್ತೀರ ಬಾವ? ಹಾಕಿದ್ದು ಅಕ್ಕ ಅಲ್ವಾ."

"ನಾನ್ಯಾಕೆ ಹಾಕ್ಲಿ? ಅಳ್ತೆ ಹಿಡಿದು ಕತ್ತರಿಸಿದ್ದು ಇವ್ರು. ಈಗ ತಾನೇ ಹೇಳುದ್ರು."

"ನಾನು ಕಿಟಕಿ ಬಲೆ ಅಂದೆ."

"ಊರ್ಕೋಂಡಿ", ಸುಮ್ಮನಿರಿ ಎಂದಳು ರತ್ನ. ತೆಲುಗು ಬಂತೆಂದರೆ ವಿಚಾರಣೆ ಮುಗಿಯಿತು. ಒಂದು ಗಳಿಗೆಯ ಹಿಂದೆ ಮೂವರು ಹಾಕಿದ್ದ ಬಲೆಯನ್ನು ಈಗ ಯಾರೂ ಹಾಕಿರಲಿಲ್ಲ. ನೆನಪು ಸತ್ಯಕ್ಕಿಂತ ಗಾಳಿಯ ದಿಕ್ಕನ್ನು ಹೆಚ್ಚು ನಂಬುತ್ತದೆ ಎಂದು ನನಗೆ ಮೊದಲೇ ಅನುಮಾನವಿತ್ತು. ನಯಾಜನಿಗೆ ಫೋನು ಮಾಡಿ ಹೇಳಿದೆ. ಅವನು ಆ ಕಡೆ ಬಹಳ ಹೊತ್ತು ನಕ್ಕು, "ನನ್ ಚಪ್ಲೀನೂ ಅಲ್ಲೇ ಇಟ್ಟಿದ್ದೆ ಮೇಷ್ಟ್ರೇ, ನಂದೂ ಪಾಲಿದೆ" ಎಂದ. ಬೇರೆ ಯಾರೂ ಪಾಲು ಕೇಳಲಿಲ್ಲ. ಬಲೆಯನ್ನು ರತ್ನ ಒಗೆದು, ಒಣಗಿಸಿ, ನಾಣಿಗೆ ಕೊಟ್ಟಳು. ಹುಳುಗಳು ಉಳಿದವು.

ಮಾರನೆಯ ಮುಂಜಾನೆ ಮಂಜು ದಟ್ಟವಾಗಿತ್ತು. ಗುಂಡಿ ತಿರುಗಿಸಿದೆ. ಗಾಳಿ ಬಂತು, ಹದವಾಗಿ ಬಿಸಿಯಾದ, ಸ್ನಾನದ ಹಂಡೆಯ ಮೇಲೆ ಕೈ ಹಿಡಿದಂಥ ಗಾಳಿ. ರತ್ನ ಎಡಗಡೆ ಸೀಟಿನಲ್ಲಿ ಕೂತು ಒಂದು ಕಾಲುಚೀಲ ತೆಗೆದಳು. ಶಿಡ್ಲಘಟ್ಟ ದಾಟುವ ಹೊತ್ತಿಗೆ ಇನ್ನೊಂದನ್ನೂ ತೆಗೆದು, ಎರಡೂ ಪಾದಗಳನ್ನು ಗಾಳಿಗೆ ಒಡ್ಡಿ ಇಟ್ಟಳು. ಎದುರಿಗೆ ಆಳೆತ್ತರದ ಗಾಜು, ಅದರಲ್ಲಿ ರಸ್ತೆ, ರಸ್ತೆಯ ಮೇಲೆ ಮಂಜು. ನಮ್ಮ ಕಡೆಯದೇ ಮಂಜಾದರೂ ಬಿಳಿಯಾಗಿಯೇ ಇತ್ತು. ಕೊನೆಗೂ ಒಂದೇ ಗಾಜು, ಒಂದೇ ರಸ್ತೆ, ಒಂದೇ ಹೊತ್ತು. ಈ ಗಳಿಗೆಗೆಂದು ನಾನು ಎಷ್ಟೋ ಮಾತು ಕೂಡಿಟ್ಟಿದ್ದೆ. ಒಂದೂ ಬರಲಿಲ್ಲ. ಅವಳೂ ಜ್ವರಕ್ಕೆ ಕೂತ ಹುಳುವಿನ ಹಾಗೆ ತಲೆಯೆತ್ತಿ ಸುಮ್ಮನೆ ಕೂತಿದ್ದಳು. "ಬೆಚ್ಚಗಿದೆಯಾ?" ಎಂದೆ. "ಹೂಂ" ಎಂದಳು. ಒಂದು ಹಾಲಿನ ವ್ಯಾನು ಹೋಯಿತು. "ಹಾಲಿನ ವ್ಯಾನು" ಎಂದೆ. "ಹೂಂ." ಫೋನಿನಲ್ಲಿ ಅಜ್ಜಿಯ ಮಾತನ್ನೂ ಅಳುವನ್ನೂ ಹೇಳಿದ ಹೆಂಗಸು ಇವಳೇನಾ ಎನಿಸಿತು. ಲ್ಯಾಬಿನಲ್ಲಿ ಕದ್ದು ಉಪ್ಪಿಟ್ಟು ತಿಂದದ್ದನ್ನು ಹೇಳಿಕೊಂಡ ಗಂಡಸೂ ಅವಳ ಪಕ್ಕದಲ್ಲಿ ಕಾಣಲಿಲ್ಲ. ನಡುವೆ ಒಂದು ಗೇರು, ಎರಡು ತೋಳು ಅಂತರ, ಬೇಕಾದಷ್ಟು ಬಿಸಿ ಗಾಳಿ. ಮಾತು ಮಾತ್ರ ಎಂಜಿನ್ನಿನ ಹತ್ತಿರವೇ ಉಳಿದಿತ್ತು.

ಟೀ ಕುಡಿಯಲೆಂದು ಚಿಂತಾಮಣಿ ರಸ್ತೆಯ ಬದಿಯಲ್ಲಿ, ಒಂದು ಹೊಂಗೆ ಮರದ ಕೆಳಗೆ ಬಸ್ಸು ನಿಲ್ಲಿಸಿದೆ. ಹೀಟರ್ ನಿಲ್ಲದಿರಲೆಂದು ಎಂಜಿನ್ ಚಾಲೂ ಇಟ್ಟೇ ಇದ್ದೆ. ರತ್ನ ಎದ್ದು ಪರದೆ ಸರ್ರನೆ ಸರಿಸಿ ಟೀ ಮಾಡಲು ಹಿಂದಕ್ಕೆ ಹೋದಳು. ಪಾತ್ರೆಯ ಸದ್ದು ಕೇಳಲಿಲ್ಲ. ಸ್ಟ್ಯಾಂಡಿನಲ್ಲಿದ್ದ ಫೋನು ಬೆಳಗಿತು.

"ಹಲೋ."

"ಹೇಳು."

"ಮುಂದೆ ತುಂಬಾ ಚೆನ್ನಾಗಿದೆ ಕಣ್ರಿ. ಕಾಲು ಬೆಚ್ಚಗಿತ್ತು. ಎದುರಿಗೆ ಕೂತು ಹೇಳಕ್ಕಾಗ್ಲಿಲ್ಲ."

"ನಂಗೂ" ಎಂದೆ. ಇನ್ನೇನಾದರೂ ಹೇಳಬೇಕಿತ್ತು. "ಮುಂದಕ್ಕೇ ಬಾ, ರಸ್ತೆ ನೋಡ್ಕೊಂಡು ಹೇಳು, ಫೋನಲ್ಲಿ ಹೇಳ್ದಂಗೇ ಆಗುತ್ತೆ" ಎಂದೆ, ಉಷ್ಣದ ಪಾಠ ಹೇಳಿದವನ ಬುದ್ಧಿವಂತಿಕೆಯಿಂದ. ಅವಳು ಬಂದಳು, ಕೈಯಲ್ಲಿ ಟೀ ಹಿಡಿದು. ಆವತ್ತು ಮನೆಗೆ ವಾಪಸು ಬರುವ ತನಕ ಮಾತಾಡಿದಳು, ನಾನೂ ಆಡಿದೆ. ಮುಖ ನೋಡದೆ, ಇಬ್ಬರೂ ರಸ್ತೆ ನೋಡುತ್ತ. ಹಾಗೆ ಆಡಬಹುದೆಂದು ಯಾಕೆ ಮೊದಲು ಹೊಳೆಯಲಿಲ್ಲವೋ. ಮುಂದಿನ ವಾರ ಹಿಮಕ್ಕೆ ಹೊರಡುತ್ತೇವೆ. ಕ್ಯಾಲೆಂಡರನ್ನು ಅವಳು ಮಡಚಿ ಬ್ಯಾಗಿನಲ್ಲಿಟ್ಟಿದ್ದಾಳೆ, ಬೆಟ್ಟ ಅದೇ ಹೌದೋ ಅಲ್ಲವೋ ನೋಡಲು.

ಇದನ್ನು ಬರೆದು ರತ್ನಳಿಗೆ ಓದಿ ಹೇಳಿದೆ. ಬಲೆ ಹಾಕಿದವನು ನಾನೇ ಎಂದು ಬರೆಯಬೇಕಿತ್ತಂತೆ. ಅದಿರಲಿ, ಕೊನೆಯದು ಪೂರ್ತಿ ತಪ್ಪಂತೆ. ಹೊಂಗೆ ಮರದ ಕೆಳಗೆ ಅವಳು ಬೆಚ್ಚಗೆ ಮುಂದೆಯೇ ಕೂತಿದ್ದಳಂತೆ. ಎದ್ದು ಹಿಂದಕ್ಕೆ ಹೋದವನು ನಾನಂತೆ, ಫೋನು ಮಾಡಿದವನೂ ನಾನೇ, ಎದುರಿಗೆ ಹೇಳಲಾಗಲಿಲ್ಲ ಎಂದವನೂ ನಾನೇ. "ಆ ಮಾತು ನಂದಲ್ಲ, ನಿಮ್ದು. ಎಷ್ಟು ಮೆತ್ತಗೆ ಹೇಳುದ್ರಿ" ಎಂದಳು. ಯಾರು ಯಾರಿಗೆ ಕರೆ ಮಾಡಿದರೆಂದು ಫೋನು ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಇಬ್ಬರೂ ನೋಡಿಲ್ಲ. ಆದರೆ ಅವಳು ಹಾಗೆಂದಾಗಿನಿಂದ ನನ್ನ ಕೈಗೆ ಎರಡು ಲೋಟ ಬಿಸಿ ಟೀ ಹಿಡಿದು, ಚೆಲ್ಲದ ಹಾಗೆ ಹಿಂದಿನಿಂದ ಮುಂದಕ್ಕೆ ನಡೆದು ಬಂದ ನೆನಪು ಬರುತ್ತಿದೆ, ಬೆರಳು ಸುಟ್ಟದ್ದು ಸಮೇತ.